ಪ್ಯಾಕಿಂಗ್ ಪುರಾಣ

ನಮ್ಮ ಮನೆಯಲ್ಲಿ ದಿನಪತ್ರಿಕೆಗೆ ದಿನಕ್ಕೆ ಎರಡು ಪಾಳಿ ಕೆಲಸ. ಬೆಳಿಗ್ಗೆ ನಾನು ಓದುತ್ತೇನೆ. ರಾತ್ರಿ ಅದನ್ನು ಪೋರ್ಟಿಕೋದಲ್ಲಿ ನಿಂತ ಪದ್ಮಿನಿ ಕಾರಿನ ಕೆಳಗೆ ಹಾಸುತ್ತೇನೆ. ಎದ್ದ ಕೂಡಲೇ ಆ ಹಾಳೆಯ ಕಲೆ ನೋಡುವುದು ಕ್ಯಾಲೆಂಡರ್ ನೋಡಿದಷ್ಟೇ ರೂಢಿಯಾಗಿದೆ. ಮುಂಭಾಗದಲ್ಲಿ ಕಪ್ಪಗೆ ಬಿದ್ದಿದ್ದರೆ ಎಂಜಿನ್ ಆಯಿಲ್. ಸ್ವಲ್ಪ ಹಿಂದೆ, ಮೂಗಿಗೆ ಗಂಧಕದಂತೆ ಬಡಿದರೆ ಗೇರ್ ಆಯಿಲ್. ಮಾವನವರು ಬಿಟ್ಟುಹೋದ ಕಾರು, ಮಾರುವ ಮಾತೆತ್ತಿದರೆ ಮನೆಯಲ್ಲಿ ಅಡುಗೆ ನಿಲ್ಲುತ್ತದೆ. ಈ ಮಳೆಗಾಲದಲ್ಲಿ ಕಲೆ ಸೆಟ್ ದೋಸೆಯಷ್ಟಗಲ ಆದಾಗ ಮೇಸ್ತ್ರಿಯ ಬಳಿ ಹೋಗದೆ ವಿಧಿಯಿರಲಿಲ್ಲ.

"ಪ್ಯಾಕಿಂಗ್ ಹೋಗಿದೆ ಸಾರ್," ಎಂದರು, ಬಾನೆಟ್ ಎತ್ತುವ ಮೊದಲೇ.

ಎರಡು ಲೋಹದ ಭಾಗಗಳ ನಡುವೆ ಸೋರದಂತೆ ಇಡುವ ಹಾಳೆಗೆ ಗ್ಯಾಸ್ಕೆಟ್ ಎನ್ನುವುದು ಬಿಲ್ಲಿನಲ್ಲಿ ಬರೆಯುವ ಪದ. ಗ್ಯಾರೇಜಿನ ಬಾಯಲ್ಲಿ ಅದು ಪ್ಯಾಕಿಂಗ್. ನನಗೇನೋ ಗ್ಯಾರೇಜಿನ ಪದವೇ ಹೆಚ್ಚು ಒಪ್ಪುತ್ತದೆ. ಗ್ಯಾಸ್ಕೆಟ್ ಎಂದರೆ ಮೂಲದಲ್ಲಿ ಹಡಗಿನವರು ಸುತ್ತಿದ ಹಾಯಿಯನ್ನು ಬಿಗಿಯುತ್ತಿದ್ದ ಹಗ್ಗ. ಪ್ಯಾಕಿಂಗ್ ಎಂದರೆ ತುರುಕುವುದು. ಈ ಕಥೆ ಶುರುವಾಗುವುದೂ ತುರುಕುವುದರಿಂದಲೇ.

1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕಾಮೆನ್ ಗಣಿಯ ನೀರೆತ್ತಲು ಉಗಿಯಂತ್ರ ನಿಲ್ಲಿಸಿದಾಗ, ದೊಡ್ಡ ಸಿಲಿಂಡರನ್ನು ನಿಖರವಾಗಿ ದುಂಡಗೆ ಕೊರೆಯುವ ವಿದ್ಯೆ ಯಾರಿಗೂ ಒಲಿದಿರಲಿಲ್ಲ. ಅವನು ಪಿಸ್ಟನ್ನಿಗೆ ತೊಗಲು ಕಟ್ಟಿ, ಅದರ ಮೇಲೆ ನೀರು ನಿಲ್ಲಿಸಿ ಸಂದು ಮುಚ್ಚಿದ. ಜೇಮ್ಸ್ ವಾಟ್‌ಗೆ ಆ ಉಪಾಯ ಒದಗಲಿಲ್ಲ. ಅವನ ಯಂತ್ರದಲ್ಲಿ ಸಿಲಿಂಡರು ಸದಾ ಬಿಸಿಯಾಗಿರಬೇಕು, ನೀರು ನಿಂತರೆ ಕೆಟ್ಟಿತು. ಪಾಪ, ಎಣ್ಣೆಬಟ್ಟೆ, ಕಾಗದ, ಕಾರ್ಕ್, ಕೊನೆಗೆ ಹಳೆಯ ಟೋಪಿಗಳನ್ನೂ ತುರುಕಿ ನೋಡಿದ. 1770ರ ದಶಕದಲ್ಲಿ, ಫಿರಂಗಿ ಕೊರೆದು ಕೈ ಪಳಗಿದ್ದ ಜಾನ್ ವಿಲ್ಕಿನ್ಸನ್ ಸಿಲಿಂಡರ್ ಕೊರೆದುಕೊಟ್ಟ ಮೇಲೆಯೇ ಸಂದು ಕಿರಿದಾದದ್ದು. ಆಮೇಲೆ ಕೊಬ್ಬು ಸವರಿದ ನಾರು ಸಾಕಾಯಿತು. ಟೋಪಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ: 1918ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಫೆಲ್-ಪ್ರೋ ಕಂಪನಿಯ ಮೊದಲ ಸರಕು ಫೋರ್ಡ್ ಮಾಡೆಲ್ ಟಿ ಕಾರಿಗೆ ಬೇಕಾದ ಫೆಲ್ಟ್ ಸೀಲುಗಳು. ಫೆಲ್ಟ್ ಎಂದರೆ ಟೋಪಿ ಮಾಡುವ ಅದೇ ಒತ್ತುಣ್ಣೆ.

ಮೇಸ್ತ್ರಿ ಎಂಜಿನ್ ಬಿಚ್ಚತೊಡಗಿದಾಗ ಆ ಮುನ್ನೂರು ವರ್ಷ ಒಂದೊಂದೇ ಪದರವಾಗಿ ಹೊರಬಂದಂತಿತ್ತು. ಮೊದಲು ಬಂದದ್ದು ಟ್ಯಾಪೆಟ್ ಕವರಿನ ಕಾರ್ಕ್. ಪೋರ್ಚುಗಲ್ ಕಡೆಯ ಓಕ್ ಮರದ ತೊಗಟೆ ಇದು. ರಬ್ಬರನ್ನು ಮೇಲಿನಿಂದ ಒತ್ತಿದರೆ ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕ್ ಹೆಚ್ಚುಕಮ್ಮಿ ಉಬ್ಬುವುದೇ ಇಲ್ಲ, ತನ್ನೊಳಗೇ ಕುಗ್ಗುತ್ತದೆ. ತಗಡಿನ ಕವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಆಗ ಇರಲಿಲ್ಲ. ಆದರೆ ವರ್ಷಗಟ್ಟಲೆ ಬೆಂದು ಅದು ಹಪ್ಪಳದಂತೆ ಮುರಿಯುತ್ತದೆ. ನಮ್ಮದು ಮುರಿದದ್ದಷ್ಟೇ ಅಲ್ಲ, ನಟ್ಟುಗಳಿರುವಲ್ಲಿ ಹಿಂಡಿಹೋಗಿತ್ತು.

"ಯಾರು ಟೈಟ್ ಮಾಡಿದ್ದು ಇದನ್ನ?"

ನಾನೇ. ಎಣ್ಣೆ ಜಿನುಗಿದಾಗಲೆಲ್ಲ ಸ್ಪ್ಯಾನರ್ ಹಿಡಿದು ಇನ್ನೊಂದು ಸುತ್ತು ತಿರುಗಿಸುತ್ತಿದ್ದೆ. ಬಿಗಿದಷ್ಟೂ ತಗಡು ನಟ್ಟಿನ ಬಳಿ ತಗ್ಗಿ, ಎರಡು ನಟ್ಟಿನ ನಡುವೆ ಬಿಲ್ಲಿನಂತೆ ಬಾಗಿ, ಸೋರಲು ಹೊಸ ದಾರಿ ತೆರೆದುಕೊಂಡಿತ್ತು. ಮೇಸ್ತ್ರಿ ಏನೂ ಹೇಳದೆ ಕವರಿನ ಅಂಚನ್ನು ಮರದ ತುಂಡಿನ ಮೇಲಿಟ್ಟು ಬಡಿದು ನೇರ ಮಾಡಿದರು. ಅವರು ಬೈದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಕವರಿನದು ಕಾಗದ. ಅಂಗಡಿಯಲ್ಲಿ ಅಳತೆಗೆ ಸಿಗದಿದ್ದಾಗ ಹಾಳೆಯನ್ನು ನೇರವಾಗಿ ಲೋಹದ ಮೇಲಿಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಅಂಚೇ ಕತ್ತರಿಯಾಗಿ ಹಾಳೆ ಕತ್ತರಿಸುತ್ತದೆ. ಬೋಲ್ಟಿನ ತೂತಿಗೆ ಸುತ್ತಿಗೆಯ ಗುಂಡುತಲೆ. ಮೇಲೆ ಸವರಲು ಶೆಲ್ಲಾಕ್. ಶೆಲ್ಲಾಕ್ ಎಂದರೆ ಬೇರೇನಲ್ಲ, ಬಳೆಗೂ ಮೊಹರಿಗೂ ನಾವು ಬಳಸುತ್ತ ಬಂದ ಅರಗು. ಮರದ ಮೇಲಿನ ಹುಳು ಸ್ರವಿಸಿದ್ದು ಪರದೇಶದ ಎಂಜಿನ್ನಿನ ಬಾಯಿ ಮುಚ್ಚಲು ಹೋಯಿತೆಂಬುದು ನನಗೆ ಈಗಲೂ ಸೋಜಿಗ.

ಕೊನೆಗೆ ಹೆಡ್. ನಿಜವಾದ ಜಗಳ ಇಲ್ಲಿಯೇ. ಪದ್ಮಿನಿಯ 1089 ಸಿ.ಸಿ. ಎಂಜಿನ್ ಫಿಯಟ್ 1100ರ ವಂಶದ್ದು: ಕೆಳಗೆ ಎರಕದ ಕಬ್ಬಿಣದ ಬ್ಲಾಕು, ಮೇಲೆ ಅಲ್ಯೂಮಿನಿಯಂ ಹೆಡ್. ಒಂದು ಮೀಟರ್ ಅಲ್ಯೂಮಿನಿಯಂ 80 ಡಿಗ್ರಿ ಬಿಸಿಯೇರಿದರೆ ಸುಮಾರು 1.8 ಮಿ.ಮೀ. ಹಿಗ್ಗುತ್ತದೆ, ಎರಕದ ಕಬ್ಬಿಣ ಅದರರ್ಧದಷ್ಟು. ಕಾರು ಹೊರಟಾಗಲೆಲ್ಲ ಎರಡೂ ಬೇರೆ ಬೇರೆ ಅಳತೆಗೆ ಬೆಳೆಯುತ್ತವೆ, ನಿಂತಾಗ ಕುಗ್ಗುತ್ತವೆ. ನಡುವಿನ ಹಾಳೆ ಸಾವಿರಾರು ಸಲ ಉಜ್ಜಿಸಿಕೊಳ್ಳುತ್ತ ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಒಂದು ಕಡೆ ಎಣ್ಣೆ ತಡೆಯಬೇಕು. ಇಷ್ಟನ್ನೂ ತಾಳುವ ವಸ್ತುವಾಗಿ ಇಪ್ಪತ್ತನೇ ಶತಮಾನ ಹಿಡಿದುಕೊಂಡದ್ದು ಕಲ್ನಾರನ್ನು. ಎರಡು ತಾಮ್ರದ ತಗಡುಗಳ ನಡುವೆ ಹೂರಣದಂತೆ ಕಲ್ನಾರು. ಭಾರತದಲ್ಲಿ ಗ್ಯಾಸ್ಕೆಟ್ ತಯಾರಿಸಲೆಂದು ಟಾಲ್‌ಬ್ರೋಸ್ ಕಂಪನಿ 1956ರಲ್ಲಿ ಬ್ರಿಟನ್ನಿನ ಕೂಪರ್ಸ್ ಪೇಯನ್ ಜೊತೆ ಕೈಜೋಡಿಸಿದ್ದೂ ಆ ಕಾಲದಲ್ಲೇ.

ಆ ನಾರಿನ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆಂದು ಗೊತ್ತಾಗಿ ಯುರೋಪಿಯನ್ ಒಕ್ಕೂಟ 2005ರ ಹೊತ್ತಿಗೆ ಕಲ್ನಾರನ್ನು ಬಹುತೇಕ ಪೂರ್ತಿ ನಿಷೇಧಿಸಿತು. ಹಳೆಯ ಕಾರಿನ ಹೆಡ್ಡಿನಡಿ ಅದು ಇನ್ನೂ ಕೂತಿರಬಹುದು. ಗ್ಯಾರೇಜಿನ ಹುಡುಗ ಏರ್ ಗನ್ ತಂದು ಬ್ಲಾಕಿನ ಮೇಲೆ ಊದಲು ಹೊರಟ. ಮೇಸ್ತ್ರಿ ಕೈ ಹಿಡಿದು ನಿಲ್ಲಿಸಿ ಒದ್ದೆ ಬಟ್ಟೆ ಕೊಟ್ಟರು. ನೆನೆಸಿ ಕೆರೆದರೆ ಧೂಳೇಳುವುದಿಲ್ಲ. ನಾನು ನೋಡಿದ ಎಷ್ಟೋ ಗ್ಯಾರೇಜುಗಳಲ್ಲಿ ಈ ಎಚ್ಚರವಿಲ್ಲ.

ಹೊಸ ಕಾರುಗಳಿಗೆ ತೆಳು ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಗ್ಯಾಸ್ಕೆಟ್ ಬರುತ್ತದೆ. ಅದಕ್ಕೆ ಕನ್ನಡಿಯಂಥ ಮೈ ಬೇಕು, ನಮ್ಮ ಹಳೆಯ ಬ್ಲಾಕಿಗೆ ಅದು ಹೊಂದದು. ಹಾಗಾಗಿ ಕಲ್ನಾರಿಲ್ಲದ ಹೊಸ ಪ್ಯಾಕಿಂಗ್ ತರಿಸಿ, ಹೆಡ್ಡನ್ನು ಫೇಸಿಂಗಿಗೆ ಲೇತಿನವರಲ್ಲಿಗೆ ಕಳಿಸಿದರು. "ಸಿಲಿಕಾನ್ ಹಚ್ಚಿಬಿಟ್ಟರೆ ಆಗಲ್ವೇ ಮೇಸ್ತ್ರಿ?" ಎಂದು ಕೇಳಿದೆ. ವಿನೆಗರ್ ವಾಸನೆಯ ಆ ಟ್ಯೂಬು ಈಗ ಎಲ್ಲ ರೋಗಕ್ಕೂ ಮದ್ದಾಗಿದೆ. ಅವರು ಎಂಜಿನ್ನಿನಡಿ ಎಣ್ಣೆ ನಿಲ್ಲುವ ಚೇಂಬರಿನ ತಳದಿಂದ ಹುಳುವಿನಂಥ ರಬ್ಬರ್ ತುಂಡೊಂದನ್ನು ಎತ್ತಿ ತೋರಿಸಿದರು. ಹಿಂದೆ ಯಾರೋ ಧಾರಾಳವಾಗಿ ಹಚ್ಚಿದ್ದು ಒಳಗೆ ಕಳಚಿ ಬಿದ್ದಿತ್ತು. ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದ್ದರೆ ಎಂಜಿನ್ನೇ ಹೋಗುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಅಂಬಾಸಿಡರ್‌ನದು ಇನ್ನೊಂದು ಬಗೆಯ ಕಥೆ. ಅದರ ಹಳೆಯ 1489 ಸಿ.ಸಿ. ಎಂಜಿನ್ನಿನ ಹಿಂಬದಿಯಲ್ಲಿ ಕ್ರ್ಯಾಂಕಿಗೆ ಸೀಲೇ ಇಲ್ಲ. ದಂಡಕ್ಕೆ ತಿರುಪಿನಂಥ ಗೀರು ಕೊರೆದಿದ್ದಾರೆ. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ನಿಂತಾಗ? ತಳ್ಳುವವರಿಲ್ಲ. ಅಲ್ಲಿ ಬದಲಿಸಲು ಪ್ಯಾಕಿಂಗೂ ಇಲ್ಲ, ಬೈಯಲು ಮೇಸ್ತ್ರಿಯೂ ಇಲ್ಲ.

ನಮ್ಮದರಲ್ಲಿ ಎಲ್ಲಕ್ಕೂ ಮೂಲ ಬೇರೆಯೇ ಇತ್ತು. ಪಿಸ್ಟನ್ ರಿಂಗು ಸವೆದಂತೆ ಉರಿದ ಗಾಳಿ ಕೆಳಗೆ ಚೇಂಬರಿಗೆ ನುಸುಳುತ್ತದೆ. ಅದು ಹೊರಹೋಗಲು ಬ್ರೀದರ್ ಪೈಪಿದೆ. ಆ ಪೈಪು ಕಪ್ಪು ಜಿಡ್ಡಿನಿಂದ ಕಟ್ಟಿಹೋಗಿತ್ತು. ಒಳಗಿನ ಗಾಳಿ ಸಿಕ್ಕ ಸಂದಿನಲ್ಲೆಲ್ಲ ಎಣ್ಣೆಯನ್ನು ಹೊರಕ್ಕೆ ನೂಕುತ್ತಿತ್ತು. ಹೊಸ ಪ್ಯಾಕಿಂಗ್ ಹಾಕಿ ಪೈಪು ಹಾಗೇ ಬಿಟ್ಟಿದ್ದರೆ ತಿಂಗಳಲ್ಲಿ ಮತ್ತೆ ದೋಸೆ. ಮೇಸ್ತ್ರಿ ಪೈಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಾಯಿಟ್ಟು ಊದಿ ನೋಡಿ, ಆಮೇಲೆಯೇ ಹೆಡ್ ಕೂರಿಸಿದರು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿದರು.

"ಐನೂರು ಕಿಲೋಮೀಟರ್ ಓಡಿಸಿ ತನ್ನಿ ಸಾರ್. ಪ್ಯಾಕಿಂಗ್ ಕೂತಿರುತ್ತೆ, ಹೆಡ್ ಇನ್ನೊಂದು ಸಲ ಟೈಟ್ ಮಾಡ್ಬೇಕು. ನೀವು ಮುಟ್ಟಬೇಡಿ."

ಮಾರ್ಕೆಟ್ಟು, ದೇವಸ್ಥಾನದ ಓಡಾಟದಲ್ಲಿ ಐನೂರು ತುಂಬಲು ಯುಗಾದಿಯಾಗುತ್ತದೆ. ಬರುವ ಭಾನುವಾರ ಎಲ್ಲರೂ ತಲಕಾಡಿಗೆ ಹೋಗಿಬರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಡಿಕ್ಕಿಯಲ್ಲಿ ಪುಳಿಯೋಗರೆ, ಎರಡು ಕ್ಯಾನ್ ನೀರು, ಒಂದು ವಾರದ ಹಳೆಯ ಪೇಪರು.