ಒಂದೇ ಆಕರ, ಹಲವು ಯಂತ್ರ: ಮುಕ್ತ 'ಸಿ' ಲೈಬ್ರರಿಗಳ ಹೊಂದಾಣಿಕೆಯ ಸಮಸ್ಯೆಗಳು

ಜಾನಪದ ಅಧ್ಯಯನದಲ್ಲಿ ಧ್ವನಿಮುದ್ರಣವು ಮೂಲಪಠ್ಯದ ಸ್ಥಾನವನ್ನು ಪಡೆದಿದೆ. ನೀಲಗಾರರು ಇರುಳಿಡೀ ಹಾಡುವ ಮಂಟೇಸ್ವಾಮಿ ಕಾವ್ಯವಾಗಲಿ, ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯವಾಗಲಿ ಇಂದು ಕಂಪ್ಯೂಟರಿನ ಕಡತಗಳಾಗಿ ಸಂಗ್ರಹಗಳನ್ನು ಸೇರುತ್ತಿವೆ. ಇಂತಹ ಕಡತಗಳನ್ನು ತೆರೆಯುವ ಅನೇಕ ತಂತ್ರಾಂಶಗಳು 'ಸಿ' ಭಾಷೆಯಲ್ಲಿ ಬರೆದ ಮುಕ್ತ ಲೈಬ್ರರಿಗಳನ್ನು ಅವಲಂಬಿಸಿವೆ. ಇಲ್ಲಿ ಲೈಬ್ರರಿ ಎಂದರೆ ಗ್ರಂಥಾಲಯವಲ್ಲ. ಬೇರೆ ಬೇರೆ ತಂತ್ರಾಂಶಗಳು ಎರವಲು ಪಡೆದು ಬಳಸುವ ಸಿದ್ಧ ಕ್ರಮವಿಧಿಗಳ ಕಟ್ಟು. ಧ್ವನಿ ಕಡತಗಳ ಓದುಬರಹಕ್ಕೆ ಬಳಕೆಯಲ್ಲಿರುವ 'ಲಿಬ್‌ಸೌಂಡ್‌ಫೈಲ್' ಇದಕ್ಕೊಂದು ನಿದರ್ಶನ. ಒಂದೇ ಆಕರಪಠ್ಯವು ಲಿನಕ್ಸ್, ವಿಂಡೋಸ್, ಮ್ಯಾಕ್ ವ್ಯವಸ್ಥೆಗಳಲ್ಲಿ ಬೇರೆ ಬೇರೆಯಾಗಿ ವರ್ತಿಸುವುದೇಕೆ, ಅದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಅಳತೆಯ ಭೇದ

'ಸಿ' ಭಾಷೆಗೆ 1989ರಲ್ಲಿ ಅಮೆರಿಕದ ಮಾನಕವೂ 1990ರಲ್ಲಿ ಅಂತಾರಾಷ್ಟ್ರೀಯ ಮಾನಕವೂ ದೊರೆತವು. ಆದರೆ ಸಂಖ್ಯೆಗಳ ಕನಿಷ್ಠ ಅಳತೆಯನ್ನು ಮಾತ್ರ ಗೊತ್ತುಪಡಿಸಿ, ನಿಖರವಾದ ಅಳತೆಯನ್ನು ಮಾನಕವು ಆಯಾ ಯಂತ್ರಕ್ಕೇ ಬಿಟ್ಟಿತು. ಹೀಗಾಗಿ 'ಲಾಂಗ್' ಎಂಬ ಸಂಖ್ಯಾಪ್ರಕಾರವು 64 ಬಿಟ್‌ನ ಲಿನಕ್ಸಿನಲ್ಲಿ 8 ಬೈಟ್, 64 ಬಿಟ್‌ನ ವಿಂಡೋಸಿನಲ್ಲಿ 4 ಬೈಟ್. ಕಡತದೊಳಗಿನ ಸ್ಥಾನವನ್ನು ತಿಳಿಸುವ ಹಳೆಯ 'ಎಫ್‌ಟೆಲ್' ವಿಧಿಯು ಉತ್ತರ ಕೊಡುವುದು ಈ ಪ್ರಕಾರದಲ್ಲಿಯೇ. 4 ಬೈಟಿನಲ್ಲಿ ಹಿಡಿಸುವ ಗರಿಷ್ಠ ಧನಸಂಖ್ಯೆ 2,14,74,83,647.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ 96,000 ಮಾದರಿ, ಮಾದರಿಗೆ 24 ಬಿಟ್, ಎರಡು ವಾಹಿನಿ ಎಂದಾದರೆ ಸೆಕೆಂಡಿಗೆ 5,76,000 ಬೈಟ್‌ಗಳಾಗುತ್ತವೆ. ಸುಮಾರು 62 ನಿಮಿಷಗಳಲ್ಲಿ ಮೇಲಿನ ಮಿತಿ ಮುಗಿಯುತ್ತದೆ. ಇರುಳಿಡೀ ನಡೆಯುವ ಗಾಯನವನ್ನು ಒಂದೇ ಕಡತವಾಗಿ ಉಳಿಸಿದಾಗ, ಲಿನಕ್ಸಿನಲ್ಲಿ ಪೂರ್ತಿ ತೆರೆದುಕೊಳ್ಳುವ ಕಡತದ ಉತ್ತರಾರ್ಧವು ವಿಂಡೋಸಿನಲ್ಲಿ ಕೈಗೆ ಸಿಗದೆ ಹೋಗಬಹುದು. ಲಿಬ್‌ಸೌಂಡ್‌ಫೈಲ್ ಇದಕ್ಕೆ 'ಲಾಂಗ್' ಅನ್ನು ನೆಚ್ಚದೆ, ಎಲ್ಲ ಕಡೆಯೂ 64 ಬಿಟ್ ಇರುವ ತನ್ನದೇ ಎಣಿಕೆಯ ಪ್ರಕಾರವನ್ನು ಬಳಸುತ್ತದೆ. 1999ರ ಮಾನಕವು ತಂದ ನಿಶ್ಚಿತ ಅಳತೆಯ ಪ್ರಕಾರಗಳು ಇದೇ ದಾರಿಯವು. ಇಷ್ಟಾದರೂ ವೇವ್ ಕಡತದಲ್ಲಿ ಅಳತೆ ಬರೆಯುವ ಸ್ಥಳ 32 ಬಿಟ್ ಮಾತ್ರವಾದ್ದರಿಂದ, 4 ಗಿಗಾಬೈಟ್ ಮೀರಿದ ಮುದ್ರಣಗಳಿಗೆ ಆರ್‌ಎಫ್64ರಂತಹ ಸ್ವರೂಪವೇ ಬೇಕು.

2. ಅಕ್ಷರದ ಭೇದ

ಕನ್ನಡ ಪಠ್ಯಕ್ಕೆ ನೇರವಾಗಿ ತಟ್ಟುವ ಸಮಸ್ಯೆ ಇನ್ನೊಂದು. ಯುಟಿಎಫ್-8 ಕ್ರಮದಲ್ಲಿ 'ಕ' ಅಕ್ಷರವು 224, 178, 149 ಎಂಬ ಮೂರು ಬೈಟ್‌ಗಳು. 'ಸಿ'ಯ 'ಚಾರ್' ಪ್ರಕಾರವು ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಋಣಚಿಹ್ನೆಯುಳ್ಳದ್ದು. ಅಲ್ಲಿ ಅದೇ ಬೈಟ್‌ಗಳು -32, -78, -107 ಆಗುತ್ತವೆ. ಆರ್ಮ್ ಸಂಸ್ಕಾರಕದ ಲಿನಕ್ಸಿನಲ್ಲಿ ಚಿಹ್ನೆಯಿಲ್ಲ. ಬೈಟನ್ನೇ ಕೋಷ್ಟಕದ ಸ್ಥಾನಸಂಖ್ಯೆಯಾಗಿ ಬಳಸಿದ ಕ್ರಮವಿಧಿಯು ಇಂಗ್ಲಿಷಿಗೆ ಎಲ್ಲೆಡೆ ಸರಿಯಾಗಿ ನಡೆಯುತ್ತದೆ. ಕನ್ನಡ ಬಂದೊಡನೆ ಒಂದು ಯಂತ್ರದಲ್ಲಿ ಕೋಷ್ಟಕದ ಹೊರಗಿನ ಸ್ಮೃತಿಗೆ ಕೈಹಾಕುತ್ತದೆ. ಬೈಟನ್ನು ಮೊದಲೇ ಚಿಹ್ನೆರಹಿತ ಪ್ರಕಾರಕ್ಕೆ ಪರಿವರ್ತಿಸುವುದೇ ಪರಿಹಾರ.

'ಡಬ್ಲ್ಯೂಚಾರ್' ಎಂಬ ಅಗಲ ಅಕ್ಷರವು ವಿಂಡೋಸಿನಲ್ಲಿ 16 ಬಿಟ್, ಲಿನಕ್ಸಿನಲ್ಲಿ 32 ಬಿಟ್. ಕನ್ನಡ ಲಿಪಿಯ ಸಂಕೇತಗಳು 16 ಬಿಟ್‌ನಲ್ಲಿ ಹಿಡಿಸುವುದರಿಂದ ಈ ಭೇದ ನಮಗೆ ಕಂಡಿರಲಿಲ್ಲ. ಆದರೆ 2024ರ ಯೂನಿಕೋಡ್ 16ರಲ್ಲಿ ಸೇರಿದ ತುಳು-ತಿಗಳಾರಿ ಲಿಪಿಯ ಸಂಕೇತಗಳು ಆ ಮಿತಿಯಾಚೆಗಿವೆ. ಒಂದು ಘಟಕಕ್ಕೆ ಒಂದು ಅಕ್ಷರವೆಂದು ನಂಬಿ ಬರೆದ ಲೈಬ್ರರಿಯು ತಿಗಳಾರಿ ಅಕ್ಷರವೊಂದನ್ನು ವಿಂಡೋಸಿನಲ್ಲಿ ಎರಡೆಂದು ಎಣಿಸುತ್ತದೆ. ತಾಳೆಗರಿಗಳ ಪಠ್ಯವನ್ನು ಗಣಕಕ್ಕೆ ಏರಿಸುವವರು ಇದನ್ನು ಗಮನಿಸಬೇಕು.

3. ಕಟ್ಟುವ ಹಂತದ ತೊಡಕು

ಆಕರಪಠ್ಯವನ್ನು ಯಂತ್ರಕ್ಕೆ ತಕ್ಕಂತೆ ಕಟ್ಟುವಾಗಲೇ ಕೆಲವು ದೋಷಗಳು ಕಾಣಿಸಿಕೊಳ್ಳುತ್ತವೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆಯೆಂದು ಎಣಿಸಿದರೆ ವಿಂಡೋಸ್ ಸಾಮಾನ್ಯವಾಗಿ ಒಂದೇ ಎನ್ನುತ್ತದೆ. ಆದ್ದರಿಂದ ವಿಂಡೋಸಿನಲ್ಲಿ ಬರೆದುದು ಲಿನಕ್ಸಿನಲ್ಲಿ 'ಕಡತವಿಲ್ಲ' ಎಂದು ನಿಲ್ಲುತ್ತದೆ. 1991ರಲ್ಲಿ ಆರಂಭವಾದ ಆಟೋಕಾನ್ಫ್ ಎಂಬ ಸಾಧನವು ಸಣ್ಣ ಸಣ್ಣ ಪರೀಕ್ಷಾ ಕ್ರಮವಿಧಿಗಳನ್ನು ಕಂಪೈಲ್ ಮಾಡಿ, ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯುತ್ತದೆ. ವ್ಯವಸ್ಥೆಯ ಹೆಸರನ್ನು ಕೇಳುವುದಕ್ಕಿಂತ ಅದರ ಗುಣವನ್ನು ಪರೀಕ್ಷಿಸುವ ಈ ತತ್ವ ಇಂದಿಗೂ ಸರಿ. ಆದರೆ ಪರೀಕ್ಷೆಗಳೇ ಹಳತಾದರೆ ಅಪಾಯ. 2024ರ ಜಿಸಿಸಿ 14 ಕಂಪೈಲರು ಘೋಷಿಸದ ವಿಧಿಯನ್ನು ಕರೆಯುವುದನ್ನು ತಾನಾಗಿಯೇ ದೋಷವೆಂದು ಪರಿಗಣಿಸತೊಡಗಿತು. ಆಗ ಘೋಷಣೆಯಿಲ್ಲದೆ ಬರೆದ ಹಳೆಯ ಪರೀಕ್ಷೆಯು ಸೋತು, ಇರುವ ಸೌಲಭ್ಯವನ್ನೇ ಇಲ್ಲವೆಂದು ವರದಿ ಮಾಡುತ್ತದೆ. ಕಟ್ಟುವ ಕೆಲಸ ಮುಗಿಯುತ್ತದೆ. ಸಿದ್ಧವಾದ ಲೈಬ್ರರಿಯಲ್ಲಿ ಮಾತ್ರ ಒಂದು ಭಾಗ ಸದ್ದಿಲ್ಲದೆ ಕಾಣೆಯಾಗಿರುತ್ತದೆ. ಹೀಗಾಗಿ ಪರೀಕ್ಷೆಗಳ ದಾಖಲೆಯನ್ನು ಓದುವುದು ಅನಿವಾರ್ಯ.

4. ತಿದ್ದುಪಡಿಯ ಕ್ರಮ

ದೋಷವನ್ನು ತೋರಿಸುವ ಅತ್ಯಂತ ಚಿಕ್ಕ ಉದಾಹರಣೆಯನ್ನು ಸಿದ್ಧಪಡಿಸುವುದು ಮೊದಲ ಹೆಜ್ಜೆ. ಬಳಿಕ ಯಾವ ನಂಬಿಕೆ ತಪ್ಪಿತೆಂದು ಗುರುತಿಸಿ, ಅದನ್ನೇ ತಿದ್ದಬೇಕು. 'ವಿಂಡೋಸಾದರೆ ಹೀಗೆ, ಮ್ಯಾಕಾದರೆ ಹಾಗೆ' ಎಂಬ ಕವಲುಗಳನ್ನು ಬೆಳೆಸುತ್ತ ಹೋದರೆ ಪಠ್ಯವನ್ನು ಓದುವುದೇ ಕಷ್ಟವಾಗುತ್ತದೆ. ತಿದ್ದಿದ ಮೇಲೆ ಎಲ್ಲ ವ್ಯವಸ್ಥೆಗಳಲ್ಲೂ ಪರೀಕ್ಷೆ ನಡೆಸಿ, ಆ ಪರೀಕ್ಷೆಯನ್ನು ಲೈಬ್ರರಿಯಲ್ಲಿಯೇ ಉಳಿಸಬೇಕು. ಕೊನೆಯದಾಗಿ, ತಿದ್ದುಪಡಿಯನ್ನು ಮೂಲ ನಿರ್ವಾಹಕರಿಗೆ ಒಪ್ಪಿಸಬೇಕು. ನಮ್ಮ ಸಂಸ್ಥೆಯ ಪ್ರತಿಯಲ್ಲಿ ಮಾತ್ರ ತಿದ್ದಿಕೊಂಡರೆ ಮುಂದಿನ ಆವೃತ್ತಿ ಬಂದಾಗ ಅದೇ ದೋಷ ಮರುಕಳಿಸುತ್ತದೆ.

ಜಾನಪದದಲ್ಲಿ ಪಾಠಾಂತರವು ಸಂಪತ್ತು. ಪ್ರತಿ ಗಾಯಕನ ಪಾಠಕ್ಕೂ ಅದರದೇ ಅಧಿಕಾರವಿದೆ. ಆದರೆ ಆ ಪಾಠವನ್ನು ಹೊತ್ತ ಕಡತವು ಯಂತ್ರದಿಂದ ಯಂತ್ರಕ್ಕೆ ಪಾಠಾಂತರಗೊಳ್ಳಬಾರದು. ಹಾಡಿದವರು ತೀರಿಹೋದ ಮೇಲೆ ಮುದ್ರಣದ ಉತ್ತರಾರ್ಧವನ್ನು ಮತ್ತೊಮ್ಮೆ ಹಾಡಿಸುವುದು ಸಾಧ್ಯವಿಲ್ಲ. ಆದ್ದರಿಂದ ದಾಖಲೀಕರಣ ಯೋಜನೆಗಳು ಧ್ವನಿಮುದ್ರಕದ ಖರ್ಚಿನೊಡನೆ ಲೈಬ್ರರಿಗಳ ಪರೀಕ್ಷೆ ಮತ್ತು ತಿದ್ದುಪಡಿಗೂ ಅವಕಾಶ ಕಲ್ಪಿಸುವುದು ಅಗತ್ಯ.