ಯಕ್ಷಗಾನದ ಸಾಂಪ್ರದಾಯಿಕ ವೇಷಭೂಷಣ: ಅಧ್ಯಯನ ಹಾಗೂ ತಯಾರಿಕೆಗೆ ಉಪಯುಕ್ತ ಗ್ರಂಥಗಳು

ಶಾಲಾ ತಂಡಗಳು ಹಾಗೂ ಹವ್ಯಾಸಿ ಸಂಘಗಳು ಹಳೆಯ ಕ್ರಮದ ಯಕ್ಷಗಾನ ವೇಷಭೂಷಣವನ್ನು ಸ್ವತಃ ಸಿದ್ಧಪಡಿಸಲು ಇಚ್ಛಿಸಿದಲ್ಲಿ, ಸಾಮಗ್ರಿ ಖರೀದಿಗೆ ಮೊದಲು ಕೆಳಕಂಡ ಗ್ರಂಥಗಳನ್ನು ಪರಿಶೀಲಿಸುವುದು ಸೂಕ್ತ.

ಹೆಬ್ರಿ, ಕಾರ್ಕಳ ಪರಿಸರದಲ್ಲಿ ಬಡಗು ಮತ್ತು ತೆಂಕು ಎರಡೂ ತಿಟ್ಟುಗಳ ಆಟಗಳು ನಡೆಯುತ್ತವೆ. ಬಡಗಿನ ಕರ್ಣನಿಗೆ ಮುಂಡಾಸು, ತೆಂಕಿನಲ್ಲಿ ಕಿರೀಟ. ತಿಟ್ಟನ್ನು ಮೊದಲೇ ನಿರ್ಧರಿಸದೆ ಖರೀದಿಸಿದಲ್ಲಿ ಹಣ ವ್ಯರ್ಥವಾಗುವುದು ಖಚಿತ.

ಬಡಗುತಿಟ್ಟಿಗೆ ಸಂಬಂಧಿಸಿದಂತೆ ಡಾ. ಕೆ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಪ್ರಥಮವಾಗಿ ಓದತಕ್ಕ ಗ್ರಂಥ. ಇದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿದೆ. ಇದರಲ್ಲಿ 'ಈಗ' ಎಂದಿರುವುದು 1950ರ ದಶಕವನ್ನು ಕುರಿತದ್ದೆಂಬುದನ್ನು ಓದುಗರು ಗಮನದಲ್ಲಿರಿಸಿಕೊಳ್ಳಬೇಕು. ಕಾರಂತರು ಮುಂದೆ ಕೈಗೊಂಡ ನೃತ್ಯನಾಟಕ ಪ್ರಯೋಗಗಳ ಚಿತ್ರಗಳನ್ನು ಮೇಳದ ವೇಷಕ್ಕೆ ಪ್ರಮಾಣವೆಂದು ಪರಿಗಣಿಸತಕ್ಕದ್ದಲ್ಲ. ಇಂಗ್ಲಿಷ್ ಬಲ್ಲವರು ಮಾರ್ತಾ ಆಶ್ಟನ್ ಮತ್ತು ಬ್ರೂಸ್ ಕ್ರಿಸ್ಟಿ ಅವರ 1977ರ 'ಯಕ್ಷಗಾನ' ಗ್ರಂಥವನ್ನೂ ನೋಡಬಹುದಾಗಿದೆ. ಆಶ್ಟನ್ ಅವರು ಉಡುಪಿಯಲ್ಲಿ ಸ್ವತಃ ಹೆಜ್ಜೆ ಕಲಿತವರಾದ್ದರಿಂದ ಅವರ ವಿವರಣೆ ಕೇವಲ ಪ್ರೇಕ್ಷಕರದಲ್ಲ.

ಆಭರಣಗಳ ಮಟ್ಟಿಗೆ ಗ್ರಂಥಗಳು ಬಹಳ ಸಹಕಾರಿ. ಭುಜಕೀರ್ತಿ, ಎದೆಕಟ್ಟು ಮೊದಲಾದವನ್ನು ಹಗುರ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿ ಚೂರುಗಳನ್ನು ಕೂರಿಸುವುದು ಹಳೆಯ ಕ್ರಮ. ಚಿತ್ರದಿಂದ ಆಕಾರವನ್ನು ತೆಗೆದುಕೊಳ್ಳಬಹುದು. ಆದರೆ ಕಪ್ಪುಬಿಳುಪು ಚಿತ್ರದಿಂದ ಬಣ್ಣವನ್ನು ಊಹಿಸಬಾರದು. ಚೌಕುಳಿಯ ಕಸೆ ಸೀರೆಯ ವಿಷಯದಲ್ಲಿ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಮುಂಡಾಸಿನ ವಿಷಯ ಬೇರೆ. ಅದು ಹೊಲಿದಿಡುವ ಟೋಪಿಯಲ್ಲ. ಬಟ್ಟೆ ಸುತ್ತಿದ ಹುಲ್ಲಿನ ಅಟ್ಟೆಯ ಮೇಲೆ ಕಪ್ಪು ಬಟ್ಟೆ, ಜರಿಪಟ್ಟಿಗಳನ್ನು ಬಿಗಿದು, ಪ್ರತಿ ಆಟಕ್ಕೂ ವೇಷಧಾರಿಯ ತಲೆಯ ಮೇಲೆಯೇ ಕಟ್ಟಬೇಕಾಗುತ್ತದೆ. ಯುವ ವೀರರಾದ ಅಭಿಮನ್ಯು, ಬಭ್ರುವಾಹನರ ಕೇದಗೆ ಮುಂದಲೆಯನ್ನೂ ಕೈಯಿಂದ ಕೈಗೆ ಕಲಿಯುವುದೇ ಲೇಸು. ಸಡಿಲವಾದರೆ ರಂಗದಲ್ಲೇ ಬಿಚ್ಚುತ್ತದೆ, ಅತಿ ಬಿಗಿಯಾದರೆ ಮಕ್ಕಳಿಗೆ ತಲೆನೋವು. ಇದಕ್ಕಾಗಿ ಅನುಭವಿ ವೇಷಧಾರಿಗಳನ್ನು ಅಥವಾ ಉಡುಪಿ ಇಂದ್ರಾಳಿಯ ಯಕ್ಷಗಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಟ್ಟುವಾಗ ಬಟ್ಟೆಯ ಉದ್ದ, ಸುತ್ತುಗಳ ಸಂಖ್ಯೆಯನ್ನು ಖರ್ಚಿನ ಲೆಕ್ಕ ಬರೆದಂತೆಯೇ ಬರೆದಿಟ್ಟುಕೊಳ್ಳುವುದು ಒಳಿತು; ಮುಂದಿನ ವರ್ಷ ಕಟ್ಟುವವರು ಬೇರೆಯವರಿರಬಹುದು.

ಪರಾಮರ್ಶನ ವಿಭಾಗದ ಗ್ರಂಥಗಳನ್ನು ಸಾಮಾನ್ಯವಾಗಿ ಮನೆಗೆ ಎರವಲು ನೀಡಲಾಗುವುದಿಲ್ಲ. ಕಾರಂತರು 1997ರಲ್ಲಿ ನಿಧನರಾಗಿದ್ದು, ಅವರ ಕೃತಿಗಳ ಹಕ್ಕುಸ್ವಾಮ್ಯ 2057ರ ಅಂತ್ಯದವರೆಗೆ ಇರುತ್ತದೆ. ಸ್ವಂತ ಅಧ್ಯಯನಕ್ಕೆ ಅಗತ್ಯವಿರುವ ಕೆಲವು ಪುಟಗಳ ಪ್ರತಿ ಪಡೆಯಲು ಅಡ್ಡಿಯಿಲ್ಲ. ಇಡೀ ಗ್ರಂಥವನ್ನು ನಕಲು ಮಾಡಿ ಹಂಚುವಂತಿಲ್ಲ. ಅರ್ಜಿದಾರರು ಗ್ರಂಥದ ಹೆಸರು, ಲೇಖಕರ ಹೆಸರು ಹಾಗೂ ಬೇಕಾದ ಅಧ್ಯಾಯವನ್ನು ಬರೆದು ತಂದಲ್ಲಿ ಗ್ರಂಥಪಾಲಕರಿಗೆ ಹುಡುಕಿಕೊಡಲು ಅನುಕೂಲವಾಗುತ್ತದೆ.