ಎತ್ತುವ ಯಂತ್ರ, ಹೊರುವ ನೆಲ

ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್. 16ನೆಯ ಶತಮಾನದ ನಡುವಿನಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. 10 ಆನೆ, 400 ಎತ್ತು, ನೂರಾರು ಆಳುಗಳು ಎಳೆದರೆಂದು ಹೇಳಿಕೆ. ನೋಡಬಂದವರು ಆನೆ ಎತ್ತುಗಳ ಲೆಕ್ಕ ಕೇಳಿ ಬೆರಗಾಗುತ್ತಾರೆ. ಆದರೆ ಎಳೆದ ಶ್ರಮ ದಾರಿ ಮುಗಿಯುವವರೆಗಿನದು. ಹೊತ್ತು ನಿಂತ ಶ್ರಮ ಶತಮಾನಗಳದು, ಅದು ಬುರುಜಿನ ಕಲ್ಲಿನದು. ಆ ಕಲ್ಲನ್ನು ಯಾರೂ ವಿಚಾರಿಸುವುದಿಲ್ಲ.

ಮನೆಯ ಗ್ಯಾರೇಜಿಗೆಂದು ಕಾರು ಎತ್ತುವ ಲಿಫ್ಟನ್ನು ಕೊಳ್ಳಹೊರಟವರು ಮಾಡುವುದೂ ಇದನ್ನೇ. ಎಷ್ಟು ಟನ್ ಎತ್ತುತ್ತದೆ, ಎಷ್ಟು ಬೇಗ ಎತ್ತುತ್ತದೆ, ಬೆಲೆ ಎಷ್ಟು ಎಂದು ಕೇಳುತ್ತಾರೆ. ಅದು ನಿಲ್ಲಬೇಕಾದ ನೆಲ ಎಂಥದು ಎಂಬುದು ನೆನಪಾಗುವುದು ಯಂತ್ರ ಲಾರಿಯಿಂದ ಇಳಿದ ಮೇಲೆ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಈ ಕ್ರಮ ತಿರುಗುಮುರುಗಾಗಬೇಕು. ಏಕೆಂದರೆ ಎತ್ತಿದ ಕಾರಿನ ಕೆಳಗೆ ನಿಲ್ಲುವವನು ಮನುಷ್ಯ. ಅನೇಕ ವೇಳೆ ಮನೆಯ ಮಗನೇ.

ಮನೆಯಲ್ಲಿ ಲಿಫ್ಟ್ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಜಾಕು ಗಾಲಿ ಬದಲಿಸುವುದಕ್ಕೆಂದು ಹುಟ್ಟಿದ ಸಾಧನ. ಅದರ ಮೇಲೆ ಕಾರನ್ನು ನಿಲ್ಲಿಸಿ, ಪಕ್ಕಕ್ಕೆ ಎರಡು ಕಲ್ಲು ಕೊಟ್ಟು, ಕೆಳಗೆ ನುಸುಳಿ ಮಲಗುವುದು ಪ್ರಾಣವನ್ನು ಪಣವಿಟ್ಟು ಆಡುವ ಜೂಜು. ಹಳೆಯ ಗ್ಯಾರೇಜುಗಳ ಗುಂಡಿ ಅದಕ್ಕಿಂತ ಮೇಲು. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಗುಂಡಿಯ ತಳದಲ್ಲಿ ಕಾಣದಂತೆ ಕೂಡಿಕೊಂಡು ಒಂದು ಕಿಡಿಗಾಗಿ ಕಾಯುತ್ತದೆ. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಎಂಬಾತ 1925ರಲ್ಲಿ ಹೈಡ್ರಾಲಿಕ್ ಕಾರ್ ಲಿಫ್ಟಿಗೆ ಪೇಟೆಂಟ್ ಪಡೆದ. ಕ್ಷೌರದಂಗಡಿಯ ಕುರ್ಚಿ ಏರಿಳಿಯುವುದನ್ನು ಕಂಡು ಅವನಿಗೆ ಈ ಆಲೋಚನೆ ಹೊಳೆಯಿತೆಂದು ಹೇಳುತ್ತಾರೆ. ನಿಜವೋ ಕತೆಯೋ, ತತ್ತ್ವವಂತೂ ಅದೇ. ಮುಚ್ಚಿದ ಕೊಳವೆಯಲ್ಲಿ ಎಣ್ಣೆಯನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ. ಇನ್ನೊಂದು ತುದಿಯ ಕೊಂತ ಅಗಲವಾಗಿದ್ದರೆ ಸಣ್ಣ ಒತ್ತು ದೊಡ್ಡ ಭಾರವನ್ನು ಏರಿಸುತ್ತದೆ.

ಇಂದು ಮನೆಗೆ ಒಗ್ಗುವಂತೆ ಬರುವ ಲಿಫ್ಟುಗಳಲ್ಲಿ ಎರಡು ಕಂಬದ್ದು ನಾಲ್ಕು ತೋಳು ಚಾಚಿ ಕಾರನ್ನು ಮೈಯಿಂದ ಹಿಡಿದೆತ್ತುತ್ತದೆ. ಗಾಲಿಗಳು ತೂಗಾಡುವುದರಿಂದ ಬ್ರೇಕು, ಗೇರುಪೆಟ್ಟಿಗೆ ಮೊದಲಾಗಿ ಎಲ್ಲ ಕೆಲಸಕ್ಕೂ ಅನುಕೂಲ. ನಾಲ್ಕು ಕಂಬದ್ದರಲ್ಲಿ ಕಾರು ಎರಡು ಉದ್ದನೆಯ ಹಲಗೆಗಳ ಮೇಲೆ ತನ್ನ ಗಾಲಿಗಳಲ್ಲೇ ನಿಲ್ಲುತ್ತದೆ. ಕೆಳಗೆ ಇನ್ನೊಂದು ಕಾರನ್ನೂ ನಿಲ್ಲಿಸಬಹುದು. ಕತ್ತರಿಯಂತೆ ಮಡಚುವ ಲಿಫ್ಟೂ ಉಂಟು. ಅದು ಸ್ಥಳ ಉಳಿಸುತ್ತದೆ, ಆದರೆ ಎದ್ದು ನಿಂತಾಗ ಕಾರಿನ ನಡುಭಾಗವನ್ನೇ ಮರೆಮಾಡುತ್ತದೆ. ಟೈರು ಬ್ರೇಕುಗಳ ಕೆಲಸವಷ್ಟೇ ಸಾಕೆನ್ನುವವರು ಅದನ್ನು ಕೊಳ್ಳಲಿ.

ನಿಜವಾದ ತೂಗಾಟ ಎರಡು ಕಂಬಕ್ಕೂ ನಾಲ್ಕು ಕಂಬಕ್ಕೂ ನಡುವೆ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದು ನಿಂತವನನ್ನು ನೆನೆಯಿರಿ. ಭಾರ ಇರುವುದು ಕೈಯಲ್ಲಿ. ಮುಗ್ಗರಿಸದಂತೆ ಅವನನ್ನು ಹಿಡಿದಿರುವುದು ಪಾದ. ಎರಡು ಕಂಬದ ಲಿಫ್ಟಿನಲ್ಲಿ ಒಂದೊಂದು ಕಂಬವೂ ಹೀಗೆ ಒಳಮುಖವಾಗಿ ವಾಲಲು ಹವಣಿಸುತ್ತದೆ. ಅದನ್ನು ತಡೆಯುವುದು ಬುಡದ ಬೋಲ್ಟುಗಳು; ಬೋಲ್ಟುಗಳನ್ನು ಹಿಡಿದಿರುವುದು ಕಾಂಕ್ರೀಟು. ಅನೇಕ ತಯಾರಕರು ಕನಿಷ್ಠ 4 ಅಂಗುಲ ದಪ್ಪದ ಗಟ್ಟಿ ಕಾಂಕ್ರೀಟನ್ನು ಕೇಳುತ್ತಾರೆ. 6 ಅಂಗುಲಕ್ಕೆ ಕಡಿಮೆಯಿದ್ದರೆ ನನಗಂತೂ ಸಮಾಧಾನವಿಲ್ಲ. ನಮ್ಮ ಕಡೆಯ ಫರಸಿ ನೆಲ ಎಷ್ಟೇ ತಂಪಾಗಿರಲಿ, ಚೆಂದವಾಗಿರಲಿ, ಬೋಲ್ಟನ್ನು ಹಿಡಿಯಲಾರದು. ಫರಸಿಯ ಕೆಳಗಿರುವುದು ಮಣ್ಣು.

ಆ ಮಣ್ಣಿನ ಗುಣವೇ ಇಲ್ಲಿ ಮುಖ್ಯ. ವಿಜಯಪುರ ನಗರ ನಿಂತದ್ದು ಬಸಾಲ್ಟ್ ಶಿಲೆಯ ದಿಣ್ಣೆಯ ಮೇಲೆ. ಸ್ವಲ್ಪ ಅಗೆದರೆ ಗರಸೋ ಬಂಡೆಯೋ ಸಿಗುವ ಓಣಿಗಳು ಅಲ್ಲಿ ಬಹಳ. ತಿಕೋಟಾ ಸುತ್ತಲಿನ ಮಡ್ಡಿ ಹೊಲಗಳೂ ಅಂಥವೇ; ದ್ರಾಕ್ಷಿಬಳ್ಳಿ ಒಗ್ಗಿದ್ದು ಆ ನೆಲಕ್ಕೆ. ಬಬಲೇಶ್ವರ ತಾಲೂಕಿನ ಸಾರವಾಡದ ಕಡೆ ಡೋಣಿ ನದಿಯ ದಂಡೆಗೆ ಇಳಿದರೆ ಮಾತ್ರ ಆಳವಾದ ಎರೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆಗೆ ಕಾರಣವಾದ ಮಣ್ಣು ಗೌಂಡಿಯ ಪಾಲಿಗೆ ವೈರಿ. ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಜೋಳಕ್ಕಾಗಿ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುವ ಅದೇ ಜಿಗುಟು, ಮೇಲೆ ಹಾಸಿದ ಕಾಂಕ್ರೀಟನ್ನು ವರ್ಷವರ್ಷವೂ ಎತ್ತಿ ಇಳಿಸಿ ಸೀಳುತ್ತದೆ. ಸೀಳಿದ ಹಾಸಿನಲ್ಲಿ ಬೋಲ್ಟು ಸಡಿಲವಾದ ಹಲ್ಲಿನಂತೆ ಅಲುಗುತ್ತದೆ.

ಆದುದರಿಂದ ಗಟ್ಟಿ ನೆಲದವರು ಎರಡು ಕಂಬದ್ದನ್ನು ನಿಶ್ಚಿಂತೆಯಿಂದ ಆರಿಸಲಿ. ಎರೆ ತೆಳುವಾಗಿದ್ದಲ್ಲಿ ಅದನ್ನು ತೆಗೆದುಹಾಕಿ, ಗರಸನ್ನು ಪದರಪದರವಾಗಿ ನೀರು ಹಾಕಿ ಬಡಿದು, ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟು ಹಾಕಬೇಕು. ಎರೆ ಆಳವಾಗಿದ್ದಲ್ಲಿ ನಾಲ್ಕು ಕಂಬದ್ದೇ ಲೇಸು. ಅಲ್ಲಿ ಭಾರ ನಾಲ್ಕು ಪಾದಗಳಿಗೆ ಹಂಚಿ ನೇರವಾಗಿ ಕೆಳಗಿಳಿಯುತ್ತದೆ. ಒಂದು ಪಾದ ತುಸು ಕುಸಿದರೂ ತಗಡು ಕೊಟ್ಟು ಮಟ್ಟ ಮಾಡಬಹುದು. ಅಲ್ಲಿಯೂ ಹಾಸು ಬೇಕು, ಎಂಜಿನಿಯರನ ಸಲಹೆಯೂ ಬೇಕು.

ನೆಲದ ತರುವಾಯ ಸೂರು. 6 ಅಡಿ ಎತ್ತರದ ಜೀಪಿನಂಥ ಗಾಡಿಯ ಕೆಳಗೆ 6 ಅಡಿಯ ಮನುಷ್ಯ ನೆಟ್ಟಗೆ ನಿಲ್ಲಬೇಕಾದರೆ 12 ಅಡಿಯ ಮೇಲೆಯೇ ಬೇಕು. 10 ಅಡಿಯ ಸ್ಲ್ಯಾಬಿನ ಕೆಳಗೆ ಅವನು ಬಗ್ಗಿಯೇ ಕೆಲಸ ಮಾಡಬೇಕಾದೀತು. ತೋಟದ ಎತ್ತರದ ತಗಡಿನ ಶೆಡ್ಡು ಇದ್ದವರಿಗೆ ಆ ತೊಂದರೆಯಿಲ್ಲ. ತೂಕದ ಲೆಕ್ಕ ಸುಲಭ. ಹಿಂದಿನ ಮಾರುತಿ 800 ಮುಕ್ಕಾಲು ಟನ್ನಿಗೂ ಕಡಿಮೆಯಿತ್ತು; ಈಗಿನ ದೊಡ್ಡ ಗಾಡಿಗಳು 2 ಟನ್ ದಾಟುತ್ತವೆ. ಎಂಜಿನ್ ಮುಂದಿರುವುದರಿಂದ ಭಾರ ನಾಲ್ಕೂ ತೋಳುಗಳಿಗೆ ಸಮನಾಗಿ ಬೀಳುವುದಿಲ್ಲ. 4 ಟನ್ನಿನ ಲಿಫ್ಟು ಅತಿಯಲ್ಲ.

ಕೊಳ್ಳುವ ಮುನ್ನ ಅಂಗಡಿಯವನಿಂದ ಕಾರನ್ನು ಎತ್ತಿಸಿ, ಕಿವಿಗೊಟ್ಟು ಕೇಳಿರಿ. ಏರುವಾಗ ಕಂಬದೊಳಗೆ ಉಕ್ಕಿನ ನಾಲಗೆ ಹಲ್ಲಿನಿಂದ ಹಲ್ಲಿಗೆ ಟಕಟಕನೆ ಬೀಳುವ ಸದ್ದು ಬರಬೇಕು. ಅದು ಬೀಗ. ಏರಿಸುವುದು ಎಣ್ಣೆಯ ಕೆಲಸ. ಹಿಡಿದು ನಿಲ್ಲಿಸುವುದು ಬೀಗದ ಕೆಲಸ. ಕಾರನ್ನು ಬೀಗದ ಮೇಲೆ ಇಳಿಸಿ ಕೂರಿಸದೆ ಯಾರೂ ಕೆಳಗೆ ಹೋಗಕೂಡದು. ಕೊಳವೆ ಒಡೆದರೂ, ಕರೆಂಟು ಹೋದರೂ ಕಾರು ಅಲುಗಬಾರದು. ಯುರೋಪಿನ ಇಎನ್ 1493 ಎಂಬ ಮಾನಕದ ಗುರುತು ಕಂಬದ ಫಲಕದ ಮೇಲಿದ್ದರೆ ಒಳ್ಳೆಯದು. ಮೋಟಾರು ಮನೆಯ ಸಿಂಗಲ್ ಫೇಸಿಗೆ ನಡೆಯುವುದೋ ತ್ರೀ ಫೇಸ್ ಬೇಕೋ ಎಂಬುದನ್ನೂ ಆಗಲೇ ಕೇಳಿಬಿಡಿ.

ಹೊಸ ಕಾಂಕ್ರೀಟು ಪೂರ್ಣ ಬಲಕ್ಕೆ ಬರಲು 28 ದಿನ. ಮೊದಲ ವಾರವಿಡೀ ಗೋಣಿತಾಟು ಹೊದಿಸಿ ನೀರು ಹನಿಸಬೇಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲವಾದರೂ. ಬೋಲ್ಟಿಗೆ ತೂತು ಕೊರೆಯುವುದು ಆಮೇಲೆ. ಅಲ್ಲಿಯವರೆಗೆ ಲಿಫ್ಟು ಗೋಡೆಗೆ ಒರಗಿರಲಿ, ಕಾರು ಬೇವಿನ ಮರದ ನೆರಳಿನಲ್ಲಿ ನಿಲ್ಲಲಿ.